ಕರುಳು ಮತ್ತು ಮೆಟಬಾಲಿಸಮ್: ದೊಡ್ಡ ಕರುಳಿನ ಊಟದಿಂದ ಶುರು ಮಾಡುವ ಸಮಗ್ರ ಮಾರ್ಗದರ್ಶಿ

ತೂಕ ಇಳಿಸಬೇಕು, ರಕ್ತದ ಸಕ್ಕರೆ ಹತೋಟಿಗೆ ಬರಬೇಕು ಎಂದು ಹೊರಟವರು ಮೊದಲು ಕ್ಯಾಲೊರಿ ಲೆಕ್ಕ ಹಾಕುತ್ತಾರೆ. ಅದು ತಪ್ಪೇನಲ್ಲ. ಆದರೆ ನಾವು ತಿಂದದ್ದೆಲ್ಲ ನಮಗೊಬ್ಬರಿಗೇ ಸೇರುವುದಿಲ್ಲ. ನಮ್ಮಿಂದ ಜೀರ್ಣಿಸಲಾಗದ ಒಂದು ಪಾಲು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಆ ಊಟದಿಂದ ಅವು ತಯಾರಿಸುವ ವಸ್ತುಗಳು ನಮ್ಮ ಹಸಿವು, ಸಕ್ಕರೆ, ಕೊಬ್ಬು, ಉರಿಯೂತ ಎಲ್ಲದರ ಮೇಲೂ, ಒಟ್ಟಿನಲ್ಲಿ ದೇಹ ಆಹಾರವನ್ನು ಬಳಸಿಕೊಳ್ಳುವ ಕ್ರಿಯೆಯಾದ ಮೆಟಬಾಲಿಸಮ್ ಮೇಲೆ ಪರಿಣಾಮ ಬೀರುತ್ತವೆ.

ಕರುಳಿನ ಆರೋಗ್ಯ ಎಂದ ಕೂಡಲೇ ಪುಡಿ, ಮಾತ್ರೆ, ‘ಕ್ಲೆನ್ಸ್’ ಎಂದು ನೂರೆಂಟು ಸಲಹೆಗಳು ಬಂದು ಬೀಳುತ್ತವೆ. ಅವನ್ನೆಲ್ಲ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಇವತ್ತು ನನ್ನ ದೊಡ್ಡ ಕರುಳಿನವರೆಗೆ ಏನು ತಲುಪಿತು? ಮುಂದಿನ ಹೆಜ್ಜೆಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯಿಂದಲೇ ಹುಟ್ಟಿದವು.

ಒಳಗೆ ನಡೆಯುವುದೇನು?

2016ರಲ್ಲಿ ವಿಜ್ಞಾನಿಗಳು ಹಾಕಿದ ಅಂದಾಜಿನ ಪ್ರಕಾರ ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ನಮ್ಮದೇ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಈ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ.

ಸಕ್ಕರೆ, ಮೈದಾ, ಎಣ್ಣೆ ಇವೆಲ್ಲ ಹೆಚ್ಚು ಕಡಿಮೆ ಸಣ್ಣ ಕರುಳಿನಲ್ಲೇ ಹೀರಿಕೊಂಡು ಮುಗಿದುಹೋಗುತ್ತವೆ. ನಾರಿನಂಶವನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ, ಹಾಗಾಗಿ ಅದು ಕೆಳಗಿಳಿಯುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಮೂರು ಮುಖ್ಯ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಇಡೀ ಕತೆ ನಿಂತಿರುವುದು ಈ ಮೂರರ ಮೇಲೆ.

ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ. ಅದು ಸಾಕಷ್ಟು ಸಿಕ್ಕರೆ ಆ ಪದರ ಬಿಗಿಯಾಗಿರುತ್ತದೆ. ಪ್ರೊಪಿಯೊನೇಟ್ ಹೆಚ್ಚಾಗಿ ಲಿವರ್‌ಗೆ ಹೋಗುತ್ತದೆ. ಅಸಿಟೇಟ್ ರಕ್ತದಲ್ಲಿ ಸೇರಿ ದೇಹದ ತುಂಬ ಓಡಾಡುತ್ತದೆ. ಇಷ್ಟೇ ಅಲ್ಲ, ಕರುಳಿನ ಗೋಡೆಯಲ್ಲಿರುವ ಕೆಲವು ಕೋಶಗಳು ಈ ಆಮ್ಲಗಳನ್ನು ಗುರುತಿಸಿ ಜಿಎಲ್‌ಪಿ-1 ಮತ್ತು ಪಿವೈವೈ ಎಂಬ ಹಾರ್ಮೋನುಗಳನ್ನು ಬಿಡುಗಡೆ ಮಾಡುತ್ತವೆ. ಜಿಎಲ್‌ಪಿ-1 ಇನ್ಸುಲಿನ್ ಸ್ರವಿಸಲು ನೆರವಾಗುತ್ತದೆ, ಹೊಟ್ಟೆ ಖಾಲಿಯಾಗುವ ವೇಗ ತಗ್ಗಿಸುತ್ತದೆ, ‘ಸಾಕು’ ಎನ್ನುವ ಸಂದೇಶವನ್ನು ಮಿದುಳಿಗೆ ಮುಟ್ಟಿಸುತ್ತದೆ. ಇತ್ತೀಚಿನ ತೂಕ ಇಳಿಸುವ ಚುಚ್ಚುಮದ್ದುಗಳು ಅನುಕರಿಸುವುದು ಇದೇ ಹಾರ್ಮೋನನ್ನು. ಕರುಳು ತಾನಾಗಿ ಬಿಡುವ ಪ್ರಮಾಣ ಮದ್ದಿನಷ್ಟು ಪ್ರಬಲವಲ್ಲ, ಆದರೆ ದಾರಿ ಒಂದೇ.

ಪಿತ್ತರಸದ ವಿಚಾರವೂ ಇದೆ. ಲಿವರ್ ಕೊಲೆಸ್ಟರಾಲ್‌ನಿಂದ ಪಿತ್ತಾಮ್ಲ ತಯಾರಿಸುತ್ತದೆ. ಅದರಲ್ಲಿ ಒಂದು ಭಾಗವನ್ನು ಕರುಳಿನ ಬ್ಯಾಕ್ಟೀರಿಯಾಗಳು ಬೇರೆ ರೂಪಕ್ಕೆ ಬದಲಿಸುತ್ತವೆ. ಬದಲಾದ ಆಮ್ಲಗಳು ಕೊಬ್ಬು ಮತ್ತು ಸಕ್ಕರೆಯ ನಿರ್ವಹಣೆಗೆ ಸಂಕೇತಗಳಾಗಿ ಕೆಲಸ ಮಾಡುತ್ತವೆ. ಓಟ್ಸ್ ಮತ್ತು ಬಾರ್ಲಿಯಲ್ಲಿರುವ ಬೀಟಾ-ಗ್ಲುಕಾನ್ ಎಂಬ ನಾರು ಪಿತ್ತಾಮ್ಲವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಲಿವರ್ ಆ ನಷ್ಟ ತುಂಬಲು ರಕ್ತದ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ. ದಿನಕ್ಕೆ 3 ಗ್ರಾಂ ಬೀಟಾ-ಗ್ಲುಕಾನ್ ಹೋದರೆ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟರಾಲ್ ತಗ್ಗುತ್ತದೆ ಎನ್ನುವುದು ಚೆನ್ನಾಗಿ ಸಾಬೀತಾದ ಸಂಗತಿ.

ಮತ್ತೆ ಉರಿಯೂತ. ಕೆಲವು ಬ್ಯಾಕ್ಟೀರಿಯಾಗಳ ಹೊರಕವಚದ ಚೂರುಗಳು ರಕ್ತಕ್ಕೆ ಸೋರಿದರೆ ರೋಗನಿರೋಧಕ ವ್ಯವಸ್ಥೆ ಕೆರಳುತ್ತದೆ. ಜಾಸ್ತಿ ಕೊಬ್ಬಿನ ಆಹಾರ ತಿಂದ ಇಲಿಗಳಲ್ಲಿ ಹೀಗಾಗಿ ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಬಂದದ್ದನ್ನು 2007ರಲ್ಲಿ ತೋರಿಸಲಾಯಿತು. ಇಲಿಗಳಲ್ಲೇ ನಡೆದ ಇನ್ನೊಂದು ಪ್ರಯೋಗದಲ್ಲಿ ನಾರು ಸಿಗದ ಬ್ಯಾಕ್ಟೀರಿಯಾಗಳು ಕರುಳನ್ನು ಕಾಯುವ ಲೋಳೆಯ ಪದರವನ್ನೇ ತಿನ್ನತೊಡಗಿದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಲಿಗಳಲ್ಲಿ ಕಂಡದ್ದೆಲ್ಲ ಮನುಷ್ಯರಿಗೆ ಅಷ್ಟೇ ಜೋರಾಗಿ ಅನ್ವಯಿಸುವುದಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಗಾರ್ಡನ್ ಅವರ ತಂಡ 2013ರಲ್ಲಿ ಒಂದು ಪ್ರಸಿದ್ಧ ಪ್ರಯೋಗ ಮಾಡಿತು. ಒಬ್ಬರು ದಪ್ಪ, ಒಬ್ಬರು ತೆಳ್ಳಗಿದ್ದ ಅವಳಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಸೂಕ್ಷ್ಮಜೀವಿಗಳೇ ಇಲ್ಲದ ಇಲಿಗಳಿಗೆ ಹಾಕಿದರು. ದಪ್ಪಗಿದ್ದವರ ಬ್ಯಾಕ್ಟೀರಿಯಾ ಪಡೆದ ಇಲಿಗಳಲ್ಲಿ ಕೊಬ್ಬು ಹೆಚ್ಚು ಬೆಳೆಯಿತು. ಆದರೆ 2012ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತೆಳ್ಳಗಿನವರ ಮಲದ ಬ್ಯಾಕ್ಟೀರಿಯಾಗಳನ್ನು ಮೆಟಬಾಲಿಕ್ ಸಿಂಡ್ರೋಮ್ (ಹೊಟ್ಟೆಯ ಬೊಜ್ಜು, ಹೆಚ್ಚಿದ ಸಕ್ಕರೆ, ರಕ್ತದೊತ್ತಡದಂಥವು ಒಟ್ಟಿಗೆ ಇರುವ ಸ್ಥಿತಿ) ಇದ್ದ ಗಂಡಸರಿಗೆ ಕೊಟ್ಟಾಗ 6 ವಾರಗಳಲ್ಲಿ ಇನ್ಸುಲಿನ್ ಕೆಲಸ ಸುಧಾರಿಸಿತು, ತೂಕ ಮಾತ್ರ ಇಳಿಯಲಿಲ್ಲ. ಮುಂದಿನ ಅಧ್ಯಯನದಲ್ಲಿ ಆ ಲಾಭವೂ 18 ವಾರಗಳ ಹೊತ್ತಿಗೆ ಮಾಯವಾಗಿತ್ತು. ಹೊಸ ಬ್ಯಾಕ್ಟೀರಿಯಾ ತಂದು ಬಿಟ್ಟರೆ ಸಾಲದು. ಇರುವವಕ್ಕೆ ದಿನಾ ಏನು ಹಾಕುತ್ತೇವೆ ಎನ್ನುವುದೇ ಜಾಸ್ತಿ ಮುಖ್ಯ ಎಂದು ನನಗನ್ನಿಸುವುದು ಇದರಿಂದಲೇ.

ಹೆಜ್ಜೆ 1: ಒಂದು ವಾರ ಏನನ್ನೂ ಬದಲಿಸಬೇಡಿ, ಗಮನಿಸಿ

ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ದಿನಾ ನಾಲ್ಕು ವಿಷಯ ಬರೆಯಿರಿ: ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ, ಹೊಟ್ಟೆ ಹೇಗಿತ್ತು, ಮಲ ಹೇಗಿತ್ತು.

ಮಲದ ವಿಷಯಕ್ಕೆ ನಾಚಿಕೆ ಬೇಡ. 1997ರಲ್ಲಿ ಪ್ರಕಟವಾದ ಬ್ರಿಸ್ಟಲ್ ಮಾಪಕವನ್ನು ಡಾಕ್ಟರುಗಳು ಈಗಲೂ ಬಳಸುತ್ತಾರೆ. ಅದರಲ್ಲಿ 7 ಬಗೆಗಳಿವೆ. 1 ಮತ್ತು 2 ಗಟ್ಟಿ ಉಂಡೆ ಅಥವಾ ಗಂಟು ಗಂಟು, ಅಂದರೆ ಮಲಬದ್ಧತೆ. 3 ಮತ್ತು 4 ಆಕಾರವಿರುವ, ಸಲೀಸಾಗಿ ಹೊರಬರುವ ಬಗೆ, ಇದೇ ನಮ್ಮ ಗುರಿ. 5 ಮೆತ್ತಗಿನ ತುಂಡುಗಳು. 6 ಮತ್ತು 7 ಭೇದಿಯ ಕಡೆಗೆ. ದಿನಕ್ಕೆ 3 ಸಲದಿಂದ ವಾರಕ್ಕೆ 3 ಸಲದವರೆಗೆ ಯಾವುದಾದರೂ ಸಹಜವೇ. ದಿನಾ ಬೆಳಗ್ಗೆ ಆಗಲೇಬೇಕು ಎಂಬ ನಿಯಮವಿಲ್ಲ.

ಈ ವಾರ ಬೇಸರ ತರಿಸಬಹುದು. ಆದರೂ ಬಿಡಬೇಡಿ. ಶುರುವಿನ ಸ್ಥಿತಿ ಗೊತ್ತಿಲ್ಲದಿದ್ದರೆ ಮುಂದೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಹೊಟ್ಟೆ ಕೆಟ್ಟಿತು ಎನ್ನುವುದು ಸುಮ್ನೆ ಊಹೆಯಾಗಿಬಿಡುತ್ತದೆ.

ಹೆಜ್ಜೆ 2: ನಾರಿನಂಶ ಹೆಚ್ಚಿಸಿ, ಆದರೆ ನಿಧಾನವಾಗಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹೆಜ್ಜೆ ಪಾಲಿಸಲು ಆಗುವುದಾದರೆ ಇದನ್ನೇ ಪಾಲಿಸಿ.

ವಿಶ್ವ ಆರೋಗ್ಯ ಸಂಸ್ಥೆಯ 2023ರ ಸಲಹೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು, ಅದೂ ಆಹಾರದಲ್ಲಿ ಸಹಜವಾಗಿ ಇರುವ ನಾರು. ಜೊತೆಗೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ. ಎಷ್ಟೋ ಜನರ ತಟ್ಟೆಯಲ್ಲಿ ಇದರ ಅರ್ಧವೂ ಇರುವುದಿಲ್ಲ.

ಲೆಕ್ಕ ಹೀಗೆ ಹಾಕಬಹುದು. ಒಂದು ಕಪ್ ಬೇಯಿಸಿದ ಇಡೀ ಮಸೂರದಲ್ಲಿ ಸುಮಾರು 15 ಗ್ರಾಂ ನಾರು. ಒಂದು ಕಪ್ ಬೇಯಿಸಿದ ಕಾಬೂಲಿ ಕಡಲೆಯಲ್ಲಿ ಸುಮಾರು 12 ಗ್ರಾಂ. ಸಿಪ್ಪೆಯ ಸಮೇತ ಒಂದು ಸೇಬಿನಲ್ಲಿ 4 ಗ್ರಾಂ. 40 ಗ್ರಾಂ ಒಣ ಓಟ್ಸ್‌ನಲ್ಲಿ 4 ಗ್ರಾಂ. ಒಂದು ಹಿಡಿ ಬಾದಾಮಿಯಲ್ಲಿ 3 ಗ್ರಾಂಗೂ ಜಾಸ್ತಿ. ನೋಡಿ, ಕಾಳುಗಳ ಮುಂದೆ ಉಳಿದವೆಲ್ಲ ಹಿಂದೆ ಬೀಳುತ್ತವೆ. ಹಸಿ ಸೊಪ್ಪಿನ ಸಲಾಡ್ ಒಂದನ್ನೇ ನಂಬಿ ಕೂತರೆ 25 ಗ್ರಾಂ ಮುಟ್ಟುವುದು ಕಷ್ಟ.

ಹೆಚ್ಚಿಸುವ ಕ್ರಮ ಹೀಗಿರಲಿ. ಮೊದಲ ವಾರ ದಿನಕ್ಕೆ 5 ಗ್ರಾಂ ಮಾತ್ರ ಸೇರಿಸಿ. ಅಂದರೆ ಒಂದು ಹಣ್ಣು, ಎರಡು ಚಮಚ ಬೇಯಿಸಿದ ಕಾಳು, ಅಷ್ಟೇ. ಹೊಟ್ಟೆ ಒಪ್ಪಿದರೆ ಮುಂದಿನ ವಾರ ಇನ್ನೂ 5 ಗ್ರಾಂ. ಒಪ್ಪದಿದ್ದರೆ ಅದೇ ಪ್ರಮಾಣದಲ್ಲಿ ಇನ್ನೊಂದು ವಾರ ನಿಲ್ಲಿ. ಬಿಳಿ ಧಾನ್ಯದ ಅರ್ಧ ಪಾಲಿಗೆ ಇಡೀ ಧಾನ್ಯ ಹಾಕಿ. ಹಣ್ಣಿನ ರಸದ ಬದಲು ಹಣ್ಣನ್ನೇ ತಿನ್ನಿ. ಹೆಚ್ಚಿನವರು ನಾಲ್ಕೈದು ವಾರಗಳಲ್ಲಿ 25 ಗ್ರಾಂ ತಲುಪಬಹುದು.

ಅವಸರ ಯಾಕೆ ಬೇಡ ಎಂದರೆ, ನಾರು ಹುದುಗುವಾಗ ಗ್ಯಾಸ್ ಹುಟ್ಟುತ್ತದೆ. ಒಮ್ಮೆಲೇ ಜಾಸ್ತಿ ಹಾಕಿದರೆ ಹೊಟ್ಟೆ ಉಬ್ಬುತ್ತದೆ, ನೋಯುತ್ತದೆ. ಆಗ ‘ನನಗೆ ಕಾಳು ಆಗಿಬರಲ್ಲ’ ಎಂದು ಜನ ಬಿಟ್ಟುಬಿಡುತ್ತಾರೆ. ಇದು ನನಗೆ ತುಂಬ ಬೇಸರ ತರಿಸುವ ವಿಷಯ, ಏಕೆಂದರೆ ಅವರಲ್ಲಿ ಬಹಳಷ್ಟು ಜನರಿಗೆ ಕಾಳು ಆಗಿಬರುತ್ತದೆ, ವೇಗ ಆಗಿಬರುವುದಿಲ್ಲ. ಕಾಳುಗಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೆತ್ತಗೆ ಬೇಯಿಸಿದರೆ ಗ್ಯಾಸ್ ತಗ್ಗುತ್ತದೆ. ನೀರು ಸಾಕಷ್ಟು ಕುಡಿಯಿರಿ. ನೀರಿಲ್ಲದೆ ನಾರು ಮಾತ್ರ ಏರಿಸಿದರೆ ಮಲ ಇನ್ನೂ ಗಟ್ಟಿಯಾಗಬಹುದು.

ನಾರಿನ ಹಾಗೆಯೇ ಕೆಲಸ ಮಾಡುವ ಇನ್ನೊಂದು ವಸ್ತುವಿದೆ. ಬೇಯಿಸಿದ ಅಕ್ಕಿ, ಆಲೂಗಡ್ಡೆ, ಪಾಸ್ತಾ ತಣ್ಣಗಾದಾಗ ಅವುಗಳ ಪಿಷ್ಟದ ಒಂದು ಪಾಲು ಸಣ್ಣ ಕರುಳಿನಲ್ಲಿ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ಮತ್ತೆ ಬಿಸಿ ಮಾಡಿದರೂ ಸ್ವಲ್ಪ ಭಾಗ ಹಾಗೇ ಉಳಿಯುತ್ತದೆ. ಆದರೆ ಅನ್ನವನ್ನು ಗಂಟೆಗಟ್ಟಲೆ ಹೊರಗೆ ಇಡಬೇಡಿ. ಅದರಲ್ಲಿ ವಿಷ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಹುದು. ಬೇಗ ಆರಿಸಿ ಫ್ರಿಜ್‌ಗೆ ಸೇರಿಸಿ.

ಇಸಬ್‌ಗೋಲು ಬಗ್ಗೆ ಕೇಳುವವರು ತುಂಬ. ಮಲಬದ್ಧತೆಗೆ ಅದು ಒಳ್ಳೆಯದೇ, ದೊಡ್ಡ ಲೋಟ ನೀರಿನ ಜೊತೆ ತಗೊಳ್ಳಬೇಕು. ಆದರೆ ಅದು ಅಷ್ಟಾಗಿ ಹುದುಗುವುದಿಲ್ಲ. ಹಾಗಾಗಿ ಬ್ಯಾಕ್ಟೀರಿಯಾಗಳಿಗೆ ಅದರಿಂದ ಸಿಗುವ ಊಟ ಕಡಿಮೆ. ಕಾಳು ತರಕಾರಿಗಳ ಜಾಗವನ್ನು ಅದು ತುಂಬಲಾರದು.

ಕರುಳು ಕಿರಿದಾಗಿರುವವರು, ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಕರುಳಿನ ಉರಿಯೂತದ ಕಾಯಿಲೆ ಕೆರಳಿರುವವರು ಡಾಕ್ಟರನ್ನು ಕೇಳದೆ ಈ ಹೆಜ್ಜೆ ಇಡಬಾರದು. ಮೂತ್ರಪಿಂಡದ ಕಾಯಿಲೆ ಇದ್ದರೆ ಯಾವ ಕಾಳು, ಯಾವ ಹಣ್ಣು ಎಷ್ಟು ಎಂದು ಮೊದಲೇ ವಿಚಾರಿಸಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಊಟ ಬದಲಿಸುವಾಗ ಸಕ್ಕರೆಯನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು. ಔಷಧದ ಪ್ರಮಾಣ ಬದಲಿಸಬೇಕಾಗಬಹುದು.

ಹೆಜ್ಜೆ 3: ಒಂದೇ ಬಗೆ ಸಾಲದು

ಬೇರೆ ಬೇರೆ ಬ್ಯಾಕ್ಟೀರಿಯಾಗಳಿಗೆ ಬೇರೆ ಬೇರೆ ನಾರು ಬೇಕು. ದಿನಾ ಓಟ್ಸ್ ಮಾತ್ರ ತಿಂದರೆ ಓಟ್ಸ್ ಇಷ್ಟಪಡುವ ಗುಂಪಿಗೆ ಮಾತ್ರ ಹಬ್ಬ. 2018ರಲ್ಲಿ ಫಲಿತಾಂಶ ಪ್ರಕಟಿಸಿದ ‘ಅಮೆರಿಕನ್ ಗಟ್ ಪ್ರಾಜೆಕ್ಟ್’ನಲ್ಲಿ 10 ಸಾವಿರಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. ವಾರಕ್ಕೆ 30ಕ್ಕಿಂತ ಹೆಚ್ಚು ಬಗೆಯ ಸಸ್ಯಾಹಾರ ತಿನ್ನುವವರ ಕರುಳಿನಲ್ಲಿ, 10 ಅಥವಾ ಅದಕ್ಕಿಂತ ಕಡಿಮೆ ಬಗೆ ತಿನ್ನುವವರಿಗಿಂತ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚು ಕಂಡಿತು.

30 ಎಂದರೆ ಗಾಬರಿ ಬೇಡ. ಧಾನ್ಯ, ಕಾಳು, ತರಕಾರಿ, ಸೊಪ್ಪು, ಹಣ್ಣು, ಬೀಜ, ಮಸಾಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸುಲಭದ ದಾರಿ ಇದು: ಪ್ರತಿ ಸಲ ತರಕಾರಿ ಕೊಳ್ಳುವಾಗ ಹೋದ ವಾರ ತರದ ಒಂದನ್ನು ಸೇರಿಸಿ. ಮೂರು ನಾಲ್ಕು ಬಗೆಯ ಕಾಳುಗಳನ್ನು ಬೆರೆಸಿ ಡಬ್ಬಿಯಲ್ಲಿಡಿ. ಎಳ್ಳು, ಅಗಸೆ, ಕುಂಬಳ ಬೀಜವನ್ನು ಹುರಿದು ಇಟ್ಟುಕೊಂಡು ಊಟದ ಮೇಲೆ ಉದುರಿಸಿ. 30 ಎನ್ನುವುದು ಮುಟ್ಟಲೇಬೇಕಾದ ಅಂಕಿಯಲ್ಲ. ಈಗ 12 ಇದ್ದರೆ 18 ಆಗಲಿ, ಸಾಕು.

ಹೆಜ್ಜೆ 4: ಹುದುಗಿದ ಆಹಾರ

2021ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಿಂದ ಬಂದ ಒಂದು ಅಧ್ಯಯನ ನನಗೆ ತುಂಬ ಹಿಡಿಸಿತು. 36 ಆರೋಗ್ಯವಂತರನ್ನು ಎರಡು ಗುಂಪು ಮಾಡಿ 10 ವಾರ ಒಂದು ಗುಂಪಿಗೆ ಹೆಚ್ಚು ನಾರು, ಇನ್ನೊಂದಕ್ಕೆ ಮೊಸರು, ಕೆಫಿರ್ (ಹುದುಗಿಸಿದ ಹಾಲಿನ ಪಾನೀಯ), ಹುದುಗಿಸಿದ ತರಕಾರಿಯಂಥ ಆಹಾರ ಕೊಟ್ಟರು. ಹುದುಗಿದ ಆಹಾರದ ಗುಂಪಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ಉರಿಯೂತಕ್ಕೆ ಸಂಬಂಧಿಸಿದ 19 ಪ್ರೋಟೀನುಗಳು ತಗ್ಗಿದವು. ನಾರಿನ ಗುಂಪಿನಲ್ಲಿ ಒಟ್ಟಾರೆ ಹಾಗಾಗಲಿಲ್ಲ. ಹಾಗಂತ ನಾರು ಬೇಡ ಎಂದಲ್ಲ. ನಾರಿನ ಲಾಭ ಸಾವಿರಾರು ಜನರ ವರ್ಷಗಟ್ಟಲೆಯ ಮಾಹಿತಿಯಲ್ಲಿ ಕಂಡಿದೆ. ಎರಡೂ ಸೇರಿದರೆ ಒಳ್ಳೆಯದು ಅಲ್ವಾ?

ದಿನಕ್ಕೆ ಒಂದು ಬಟ್ಟಲು ಸಿಹಿ ಹಾಕದ ಮೊಸರಿನಿಂದ ಶುರು ಮಾಡಿ. ಒಪ್ಪಿದರೆ ಎರಡು ಹೊತ್ತು. ಗಮನಿಸಬೇಕಾದದ್ದು ಒಂದು: ಹುದುಗಿದ ಮೇಲೆ ಕುದಿಸಿದರೆ, ಬೇಯಿಸಿದರೆ ಜೀವಂತ ಬ್ಯಾಕ್ಟೀರಿಯಾ ಸಾಯುತ್ತವೆ. ಆ ಆಹಾರ ಬೇರೆ ರೀತಿಯಲ್ಲಿ ಒಳ್ಳೆಯದಿರಬಹುದು, ಆದರೆ ಇಲ್ಲಿಯ ಲೆಕ್ಕಕ್ಕೆ ಬರುವುದಿಲ್ಲ. ವಿನೆಗರ್ ಸುರಿದು ಮಾಡಿದ ಉಪ್ಪಿನಕಾಯಿಯೂ ಬರುವುದಿಲ್ಲ. ಉಪ್ಪು ಜಾಸ್ತಿ ಇರುವುದನ್ನು ರಕ್ತದೊತ್ತಡ ಇರುವವರು ಮಿತಿಯಲ್ಲಿಡಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಅಂಗ ಕಸಿ ಆದವರು ಡಾಕ್ಟರನ್ನು ಕೇಳಿಯೇ ತಿನ್ನಬೇಕು.

ಹೆಜ್ಜೆ 5: ದೊಡ್ಡ ಕರುಳಿಗೆ ಏನೂ ಉಳಿಸದ ಆಹಾರ ತಗ್ಗಿಸಿ

ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿಂಡಿಗಳಲ್ಲಿ ನಾರು ಕಡಿಮೆ, ತಿನ್ನುವುದು ಸುಲಭ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಕೆವಿನ್ ಹಾಲ್ ಅವರ ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಇಂಥ ಆಹಾರ, ಎರಡು ವಾರ ಸಂಸ್ಕರಿಸದ ಆಹಾರ ಕೊಟ್ಟಿತು. ಬೇಕಾದಷ್ಟು ತಿನ್ನಿ ಎಂದಾಗ ಸಂಸ್ಕರಿಸಿದ ಆಹಾರದ ಹೊತ್ತಿನಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಹೊಟ್ಟೆಗೆ ಹೋಯಿತು. ತೂಕವೂ ಏರಿತು.

ಒಂದೇ ದಿನ ಎಲ್ಲ ಬಿಡಲು ಹೋಗಬೇಡಿ. ಮೊದಲು ಸಿಹಿ ಪಾನೀಯ ಬಿಡಿ. ಆಮೇಲೆ ದಿನಾ ತಿನ್ನುವ ಒಂದು ಪ್ಯಾಕೆಟ್ ತಿಂಡಿಯ ಜಾಗಕ್ಕೆ ಬೀಜ ಅಥವಾ ಹಣ್ಣು ಬರಲಿ. ಮದ್ಯ ಕರುಳಿನ ಒಳಪದರಕ್ಕೆ ಹಾನಿ ಮಾಡುತ್ತದೆ. ಅದು ಕಡಿಮೆಯಾದಷ್ಟೂ ಒಳ್ಳೆಯದು.

ಹೆಜ್ಜೆ 6: ಹೊತ್ತು, ನಿದ್ದೆ, ನಡಿಗೆ

ಹೊಟ್ಟೆ ಖಾಲಿ ಇರುವಾಗ ಸಣ್ಣ ಕರುಳಿನಲ್ಲಿ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಗುಡಿಸಿಕೊಂಡು ಹೋಗುವಂಥ ಅಲೆಯೊಂದು ಏಳುತ್ತದೆ. ಉಳಿದ ಚೂರುಗಳನ್ನು, ಬ್ಯಾಕ್ಟೀರಿಯಾಗಳನ್ನು ಅದು ಮುಂದಕ್ಕೆ ತಳ್ಳುತ್ತದೆ. ಏನಾದರೂ ತಿಂದ ಕೂಡಲೇ ನಿಲ್ಲುತ್ತದೆ. ಹಾಗಾಗಿ ಊಟಗಳ ನಡುವೆ ಮೂರು ನಾಲ್ಕು ಗಂಟೆ ಬಿಡುವು ಕೊಡಿ. ರಾತ್ರಿಯೂಟ ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಯಲಿ.

ಊಟದ ನಂತರ ಹತ್ತು ಹದಿನೈದು ನಿಮಿಷದ ನಡಿಗೆ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತದೆ. ವ್ಯಾಯಾಮದ ಪರಿಣಾಮ ಕರುಳಿನಲ್ಲೂ ಕಾಣುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ 2018ರ ಅಧ್ಯಯನದಲ್ಲಿ 6 ವಾರಗಳ ವ್ಯಾಯಾಮದಿಂದ, ಮುಖ್ಯವಾಗಿ ತೆಳ್ಳಗಿನವರಲ್ಲಿ, ಬ್ಯುಟಿರೇಟ್ ಹೆಚ್ಚಿತು. ವ್ಯಾಯಾಮ ನಿಲ್ಲಿಸಿದ ಮೇಲೆ ಅದು ಬಹುಮಟ್ಟಿಗೆ ಇಳಿಯಿತು.

ಮನಸ್ಸಿಗೂ ಕರುಳಿಗೂ ನೇರ ನಂಟಿದೆ. ದೇಹದ ಸುಮಾರು 90 ಶೇಕಡಾ ಸೆರೊಟೋನಿನ್ ತಯಾರಾಗುವುದು ಕರುಳಿನಲ್ಲಿ. ಆದರೆ ಅದು ರಕ್ತದ ಮೂಲಕ ಮಿದುಳಿನೊಳಗೆ ಹೋಗಲಾರದು. ‘ಕರುಳು ಸರಿಮಾಡಿದರೆ ಖಿನ್ನತೆ ಮಾಯ’ ಎನ್ನುವ ಮಾತನ್ನು ನಂಬಿ ಖಿನ್ನತೆಯ ಔಷಧ ಬಿಡಬೇಡಿ. ನಂಟು ಕೆಲಸ ಮಾಡುವುದು ಮುಖ್ಯವಾಗಿ ಮಿದುಳನ್ನೂ ಕರುಳನ್ನೂ ಜೋಡಿಸುವ ವೇಗಸ್ ನರ, ಹಾರ್ಮೋನು ಮತ್ತು ರೋಗನಿರೋಧಕ ವ್ಯವಸ್ಥೆಯ ಮೂಲಕ. ಕಳವಳ ಹೆಚ್ಚಾದಾಗ ಹೊಟ್ಟೆ ಕೆಡುವುದು, ಹೊಟ್ಟೆ ಕೆಟ್ಟಾಗ ಕಳವಳವಾಗುವುದು ಎರಡೂ ನಿಜ.

ಹೆಜ್ಜೆ 7: ಆಂಟಿಬಯಾಟಿಕ್ ಮತ್ತು ಪ್ರೊಬಯಾಟಿಕ್

ಬೇಕಾದಾಗ ಆಂಟಿಬಯಾಟಿಕ್ ಜೀವ ಉಳಿಸುತ್ತದೆ, ಆಗ ಹಿಂಜರಿಯಬಾರದು. ಆದರೆ ನೆಗಡಿ, ಫ್ಲೂ ಬರುವುದು ವೈರಸ್‌ನಿಂದ. ಅದಕ್ಕೆ ಆಂಟಿಬಯಾಟಿಕ್ ಕೇಳಿ ಪಡೆದರೆ ಕರುಳಿನ ಬ್ಯಾಕ್ಟೀರಿಯಾಗಳು ಸುಮ್ನೆ ಸಾಯುತ್ತವೆ.

ಕೋರ್ಸ್ ಮುಗಿದ ಮೇಲೆ ಪ್ರೊಬಯಾಟಿಕ್ (ಜೀವಂತ ಒಳ್ಳೆಯ ಬ್ಯಾಕ್ಟೀರಿಯಾಗಳಿರುವ) ಮಾತ್ರೆ ತಗೊಂಡರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೆ 2018ರಲ್ಲಿ ಇಸ್ರೇಲ್‌ನ ವೈಜ್ಮನ್ ಸಂಸ್ಥೆಯ ಅಧ್ಯಯನವೊಂದು ಪೆಟ್ಟು ಕೊಟ್ಟಿತು. ಪ್ರೊಬಯಾಟಿಕ್ ತಗೊಂಡವರಲ್ಲಿ ಅವರದೇ ಮೂಲ ಬ್ಯಾಕ್ಟೀರಿಯಾಗಳು ಮರಳುವುದು ತಡವಾಯಿತು. ಆಂಟಿಬಯಾಟಿಕ್‌ನಿಂದ ಬರುವ ಭೇದಿ ತಡೆಯಲು ಕೆಲವು ತಳಿಗಳು ನೆರವಾಗುತ್ತವೆ ಎನ್ನುವುದೂ ನಿಜ. ಡಾಕ್ಟರ್ ಒಂದು ನಿರ್ದಿಷ್ಟ ತಳಿಯನ್ನು, ನಿರ್ದಿಷ್ಟ ಕಾರಣಕ್ಕೆ ಬರೆದುಕೊಟ್ಟರೆ ತಗೊಳ್ಳಿ. ‘ಒಟ್ಟಾರೆ ಒಳ್ಳೆಯದು’ ಎಂದು ನೀವಾಗಿಯೇ ಕೊಳ್ಳುವ ಅಗತ್ಯವಿಲ್ಲ. ಆ ದುಡ್ಡು ಕಾಳು ತರಕಾರಿಗೆ ಹೋಗಲಿ.

ಡಿಟಾಕ್ಸ್ ರಸ, ಕರುಳು ತೊಳೆಯುವ ಚಿಕಿತ್ಸೆ, ವಿರೇಚಕ ಚಹಾ ಇವು ಬೇಡವೇ ಬೇಡ. ವಿಷ ತೆಗೆಯಲು ಲಿವರ್ ಮತ್ತು ಮೂತ್ರಪಿಂಡ ಇವೆ. ಮಲದ ಒಣ ಭಾಗದಲ್ಲಿ ಕಾಲು ಪಾಲಿಗೂ ಜಾಸ್ತಿ ಬ್ಯಾಕ್ಟೀರಿಯಾಗಳೇ, ಅಂದರೆ ಕರುಳು ತನ್ನ ಪಾಡಿಗೆ ತಾನು ಹಳೆಯದನ್ನು ಹೊರಹಾಕುತ್ತಲೇ ಇರುತ್ತದೆ.

ಎಷ್ಟು ದಿನಕ್ಕೆ ಏನು ಕಾಣಬಹುದು?

ಊಟ ಪೂರ್ತಿ ಬದಲಾದರೆ ಬ್ಯಾಕ್ಟೀರಿಯಾಗಳ ಚಿತ್ರಣ ಒಂದೆರಡು ದಿನದಲ್ಲೇ ಬದಲಾಗತೊಡಗುತ್ತದೆ. ಊಟ ಹಳೆಯದಕ್ಕೆ ಮರಳಿದರೆ ಅಷ್ಟೇ ಬೇಗ ಹಿಂದಕ್ಕೂ ಹೋಗುತ್ತದೆ. ಮಲದ ಬಗೆ ಎರಡು ಮೂರು ವಾರಗಳಲ್ಲಿ ಸುಧಾರಿಸಬಹುದು. ಗ್ಯಾಸ್ ಮೊದಲು ಹೆಚ್ಚಿ ಆಮೇಲೆ ತಗ್ಗುತ್ತದೆ. ಸಕ್ಕರೆ ಕಾಯಿಲೆಯವರು ಎಚ್‌ಬಿಎ1ಸಿ ನೋಡಲು ಮೂರು ತಿಂಗಳು ಕಾಯಬೇಕು, ಏಕೆಂದರೆ ಆ ಪರೀಕ್ಷೆ ಹೇಳುವುದೇ ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ. ತೂಕ ಇಳಿಯಬಹುದು, ಇಳಿಯದೆಯೂ ಇರಬಹುದು. ಇಳಿಯಲಿಲ್ಲ ಎಂದು ಬಿಟ್ಟುಬಿಡಬೇಡಿ.

ಆರೆಂಟು ವಾರ ನಿಧಾನವಾಗಿ ಹೋದರೂ ನೋವು, ಉಬ್ಬರ ತಗ್ಗದಿದ್ದರೆ ಕರುಳು ಅತಿ ಸೂಕ್ಷ್ಮವಾಗಿರುವ ಐಬಿಎಸ್ ಇರಬಹುದು. ಆಗ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕೆಲವು ಕಾಳುಗಳನ್ನು ಸ್ವಲ್ಪ ಕಾಲ ತಗ್ಗಿಸಿ, ಮತ್ತೆ ಒಂದೊಂದಾಗಿ ಸೇರಿಸಿ ನೋಡುವ ಲೋ-ಫಾಡ್‌ಮ್ಯಾಪ್ ವಿಧಾನವಿದೆ. ಅದನ್ನು ರೂಪಿಸಿದ್ದು ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯ. ಇದನ್ನು ಆಹಾರ ತಜ್ಞರ ಜೊತೆ ಮಾಡಿ, ವರ್ಷಗಟ್ಟಲೆ ಮುಂದುವರಿಸಬೇಡಿ.

ಡಾಕ್ಟರ್ ಹತ್ತಿರ ತಡ ಮಾಡದೆ ಹೋಗಬೇಕಾದದ್ದು ಯಾವಾಗ?

ಮಲದಲ್ಲಿ ರಕ್ತ ಕಂಡರೆ ಅಥವಾ ಮಲ ಡಾಂಬರಿನಂತೆ ಕಪ್ಪಾದರೆ. ಪ್ರಯತ್ನಿಸದೆಯೇ ತೂಕ ಇಳಿಯುತ್ತಿದ್ದರೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ. ನುಂಗಲು ಕಷ್ಟವಾದರೆ. ಕಾರಣ ತಿಳಿಯದ ರಕ್ತಹೀನತೆ ಅಥವಾ ಬಿಡದ ಜ್ವರ ಇದ್ದರೆ. 45 ದಾಟಿದ ಮೇಲೆ ಮಲವಿಸರ್ಜನೆಯ ರೂಢಿ ಏಕಾಏಕಿ ಬದಲಾಗಿ ಹಾಗೇ ಉಳಿದರೆ. ಇವುಗಳಲ್ಲಿ ಒಂದು ಕಂಡರೂ ಮೊಸರು, ಕಾಳು ಎಂದು ಕಾಯುತ್ತ ಕೂರಬೇಡಿ, ಮೊದಲು ಪರೀಕ್ಷೆ ಮಾಡಿಸಿ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ ಲಕ್ಷಣವಿಲ್ಲದಿದ್ದರೂ ಆ ವಿಷಯವನ್ನು ಡಾಕ್ಟರಿಗೆ ಹೇಳಿ. ನಿಮಗೆ ತಪಾಸಣೆ ಉಳಿದವರಿಗಿಂತ ಮೊದಲೇ ಶುರುವಾಗಬೇಕಾಗುತ್ತದೆ.